ಕೆಲಸ ಮಾಡುವವರಿಗೂ ಹಬ್ಬ ಸಿಗಲಿ: ತಪಸ್ಸುಕಾಲಕ್ಕೂ ಕ್ರಿಸ್‌ಮಸ್‌ಗೂ ಧರ್ಮಕೇಂದ್ರದ ತಯಾರಿ

ಒಂದು ಕ್ರಿಸ್‌ಮಸ್ ರಾತ್ರಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿದು ಎಲ್ಲರೂ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಳ್ಳುತ್ತಿದ್ದರು. ಧ್ವನಿವರ್ಧಕದ ಪೆಟ್ಟಿಗೆಯ ಹಿಂದೆ ವೈರು ಸುತ್ತುತ್ತಿದ್ದ ಹುಡುಗನನ್ನು "ಗುರುಗಳ ಪ್ರಸಂಗ ಹೇಗಿತ್ತು?" ಎಂದು ಕೇಳಿದೆ. "ಮೈಕು ಒಂದು ಸಲವೂ ಕೂಗಲಿಲ್ಲ ಸರ್" ಎಂದ, ಹೆಮ್ಮೆಯಿಂದ. ಪರಮಪ್ರಸಾದದ ಸಾಲಿಗೂ ಅವನು ಬಂದಿರಲಿಲ್ಲ. ಪೆಟ್ಟಿಗೆ ಬಿಟ್ಟು ಏಳಲು ಅವನ ಜಾಗದಲ್ಲಿ ಕೂರುವವರೇ ಇರಲಿಲ್ಲ. ಹಿಂದಿನ ವರ್ಷವೂ ಹಾಗೆಯೇ ಆಗಿತ್ತಂತೆ.

ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಒಂದು ಚರ್ಚು ಮತ್ತು ಅದರ ಭಕ್ತಸಮುದಾಯ) ಪೂಜಾವಿಧಿಯ ತಯಾರಿ ನೋಡಿಕೊಳ್ಳುವ ತಂಡದಲ್ಲಿ ಕೆಲವು ವರ್ಷ ದುಡಿದವನಾಗಿ ಈ ಲೇಖನ ಬರೆಯುತ್ತಿದ್ದೇನೆ. ಹಬ್ಬ ಚೆನ್ನಾಗಿ ನಡೆಯಿತೋ ಇಲ್ಲವೋ ಎಂದು ಅಳೆಯಲು ಈಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಕೆಲಸ ಮಾಡಿದವರಿಗೆ ಪ್ರಾರ್ಥಿಸಲು ಸಮಯ ಸಿಕ್ಕಿತೇ? ಹೊಸದಾಗಿ ಪಾಲನಾ ಮಂಡಳಿಗೆ ಬಂದವರಿಗೆ, ಈ ವರ್ಷ ಹೊಣೆ ಹೊತ್ತ ಯುವಕ ಯುವತಿಯರಿಗೆ ಇದು ನೆರವಾದೀತು.

ಮೊದಲು ಕ್ಯಾಲೆಂಡರ್ ಬಿಡಿಸಿ

ಕ್ರಿಸ್‌ಮಸ್ ತಾರೀಖು ಕದಲುವುದಿಲ್ಲ, ವಾರ ಬದಲಾಗುತ್ತದೆ. ಈಸ್ಟರ್ ವಾರ ಕದಲುವುದಿಲ್ಲ, ತಾರೀಖು ಬದಲಾಗುತ್ತದೆ. ತಯಾರಿಯ ಅರ್ಧ ಗೊಂದಲ ಹುಟ್ಟುವುದು ಇಲ್ಲಿಂದಲೇ.

ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರವೇ ಈಸ್ಟರ್. ಆದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿಯಾದರೂ ಬೀಳಬಹುದು. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಬೂದಿ ಬುಧವಾರ ಸಿಗುತ್ತದೆ. ನಡುವಿನ 6 ಭಾನುವಾರಗಳನ್ನು ಬಿಟ್ಟರೆ ಉಪವಾಸದ 40 ದಿನ, ಅದೇ ತಪಸ್ಸುಕಾಲ. 2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18, ಈಸ್ಟರ್ ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. 2028ರಲ್ಲಿ ಮಾರ್ಚ್ 1 ಮತ್ತು ಏಪ್ರಿಲ್ 16. ಹಬ್ಬ ಬೇಗ ಬಂದ ವರ್ಷ ಶಾಲಾ ಪರೀಕ್ಷೆಗಳ ತಾರೀಖನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಬಲಿಪೀಠದ ಬಳಿ ಗುರುಗಳಿಗೆ ನೆರವಾಗುವ ಪೀಠಸೇವಕರೂ ಗಾಯನವೃಂದದ ಅರ್ಧ ಮಂದಿಯೂ ಪರೀಕ್ಷೆ ಬರೆಯುವ ಮಕ್ಕಳೇ.

ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದಲ್ಲಿ ಯಾವಾಗಲೂ 4 ಭಾನುವಾರಗಳಿರುತ್ತವೆ. ಆದರೆ ನಾಲ್ಕನೆಯ ವಾರ ಪೂರ್ತಿ ಸಿಗುತ್ತದೆಂಬ ಖಾತರಿಯಿಲ್ಲ. 2028ರಲ್ಲಿ ಕ್ರಿಸ್‌ಮಸ್ ಸೋಮವಾರ. ಅಂದರೆ ಆಗಮನಕಾಲದ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬರುತ್ತದೆ. ಬೆಳಿಗ್ಗೆ ನೇರಳೆ ವಸ್ತ್ರದ ಪೂಜೆ, ಸಂಜೆಯಾಗುತ್ತಲೇ ಬಿಳಿ ವಸ್ತ್ರ, ಹೂವು, ದೀಪ. ಅಲಂಕಾರ ಮಾಡುವವರಿಗೆ ಸಿಗುವುದು ಒಂದೇ ಮಧ್ಯಾಹ್ನ. ಇಂಥ ವರ್ಷ ಆಗಮನಕಾಲದ ಆರಂಭದಲ್ಲೇ ಅವರನ್ನು ಕೂರಿಸಿಕೊಂಡು ಮಾತಾಡಬೇಕು.

ನಡುವೆ ಬರುವ ಇತರ ಮಹೋತ್ಸವಗಳನ್ನೂ ಗುರುತಿಸಿ. ಸಂತ ಜೋಸೆಫರ ಹಬ್ಬ ಮಾರ್ಚ್ 19, ದೇವದೂತನ ಸಂದೇಶದ ಹಬ್ಬ ಮಾರ್ಚ್ 25. 2027ರಲ್ಲಿ ಎರಡನೆಯದು ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ದಿನವೇ ಬೀಳುವುದರಿಂದ ಏಪ್ರಿಲ್ 5ಕ್ಕೆ ಸರಿಯುತ್ತದೆ. ಇದನ್ನು ನೋಡದೆ ಕಾರ್ಯಕ್ರಮ ಪಟ್ಟಿ ಅಚ್ಚು ಹಾಕಿಸಿ, ಮೇಲೆ ಚೀಟಿ ಅಂಟಿಸುತ್ತ ಕೂತವರಲ್ಲಿ ನಾನೂ ಒಬ್ಬ.

ಒಂದು ಕೆಲಸಕ್ಕೆ ಇಬ್ಬರು

ಪಟ್ಟಿ ಮಾಡುವಾಗ ಕಾರ್ಯಕ್ರಮಗಳಿಂದ ಶುರುಮಾಡಬೇಡಿ, ಜನರಿಂದ ಶುರುಮಾಡಿ. ವಾಚಕರು, ಗಾಯಕರು, ಪೀಠಸೇವಕರು, ಪರಮಪ್ರಸಾದ ಹಂಚಲು ನೆರವಾಗುವವರು, ಧ್ವನಿ ಮತ್ತು ದೀಪ ನೋಡಿಕೊಳ್ಳುವವರು, ಬಾಗಿಲಲ್ಲಿ ನಿಂತು ಸ್ವಾಗತಿಸುವವರು, ವಾಹನ ನಿಲ್ಲಿಸುವ ಜಾಗದಲ್ಲಿ ಕೈ ತೋರಿಸುವವರು, ಕಾಣಿಕೆ ಎಣಿಸುವವರು, ಪೂಜೆ ಮುಗಿದ ಮೇಲೆ ಗುಡಿಸುವವರು. ಪ್ರತಿ ಹೆಸರಿನ ಮುಂದೆ ಇನ್ನೊಂದು ಹೆಸರು ಇರಲೇಬೇಕು. ಎರಡನೆಯವರು ಬರೀ ಬದಲಿ ಆಳಲ್ಲ. ಅರ್ಧ ಪೂಜೆ ಒಬ್ಬರು, ಅರ್ಧ ಪೂಜೆ ಇನ್ನೊಬ್ಬರು ಎಂದು ಹಂಚಿಕೊಳ್ಳಲಿ. ಮುಂದಿನ ವರ್ಷ ಈ ಎರಡನೆಯವರೇ ಮೊದಲಿಗರಾಗುತ್ತಾರೆ.

ಹೆಸರು ಬರೆಯುವಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಅದೇ ಆರೇಳು ಮಂದಿ ಎಲ್ಲ ಕಡೆ. ಪೂಜೆ ಮುಗಿದಾಗ "ಯಾರಾದರೂ ಮುಂದೆ ಬನ್ನಿ" ಎಂದು ಪ್ರಕಟಣೆ ಕೊಟ್ಟರೆ ಬರುವವರೂ ಅವರೇ. ಹೊಸಬರು ಪ್ರಕಟಣೆಗೆ ಬರುವುದಿಲ್ಲ, ಕರೆದರೆ ಬರುತ್ತಾರೆ. "ಶುಕ್ರವಾರ ಸಂಜೆ ಆರರಿಂದ ಏಳರವರೆಗೆ ಬಾಗಿಲಲ್ಲಿ ನಿಂತು ಪ್ರಾರ್ಥನಾ ಪುಸ್ತಕ ಕೊಡುತ್ತೀರಾ?" ಎಂದು ಕೆಲಸವನ್ನೂ ಗಂಟೆಯನ್ನೂ ಸ್ಪಷ್ಟವಾಗಿ ಹೇಳಿ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಬೇರೆ ಊರಿನಿಂದ ಬಂದು ನೆಲೆಸಿದ ಕುಟುಂಬಗಳನ್ನು ಇಂಥ ಚಿಕ್ಕ ಕೆಲಸಗಳ ಮೂಲಕವೇ ಒಳಗೆ ಕರೆದುಕೊಳ್ಳಬೇಕು.

ಬೂದಿಯಿಂದ ಆರಂಭ

ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರ್‌ಗೆ ಮುಂಚಿನ ಭಾನುವಾರ) ಆಶೀರ್ವದಿಸಿದ ತೆಂಗು ಅಥವಾ ತಾಳೆಯ ಗರಿಗಳನ್ನು ಸುಟ್ಟು ಬೂದಿ ಮಾಡುವುದು ಕ್ರಮ. ಜನ ಅವನ್ನು ಮನೆಯಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಮೂರು ಭಾನುವಾರ ಮುಂಚೆ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟು ತಂದು ಹಾಕಲು ಹೇಳಿ.

ಸುಡುವ ಕೆಲಸ ಸುಲಭ ಅನಿಸುತ್ತದೆ, ಅಷ್ಟು ಸುಲಭವಲ್ಲ. ಗರಿ ಚೆನ್ನಾಗಿ ಒಣಗಿರಬೇಕು. ಚಿಕ್ಕದಾಗಿ ಕತ್ತರಿಸಿ, ಬಯಲಿನಲ್ಲಿ, ದಪ್ಪ ತಳದ ಲೋಹದ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವೇ ಸುಡಿ. ಬೆಳ್ಳಗಾಗುವ ತನಕ ಉರಿಯಲು ಬಿಡಬೇಡಿ. ಕಪ್ಪಗಿರುವಾಗಲೇ ಮುಚ್ಚಳ ಮುಚ್ಚಿ ಆರಿಸಿ. ಪೂರ್ತಿ ತಣ್ಣಗಾದ ಮೇಲೆ ಕುಟ್ಟಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನಾರಿನ ಚೂರು ಉಳಿದರೆ ಹಣೆಗೆ ಚುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು: ಬೂದಿಯನ್ನು ಮುಂಚೆಯೇ ನೀರಿನಲ್ಲಿ ಕಲಸಿ ಇಡಬೇಡಿ. ಬೂದಿ ನೆನೆದ ನೀರು ಕ್ಷಾರವಾಗುತ್ತದೆ. ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದದ್ದು ಅದೇ ನೀರು. ಅದು ಹಣೆಯ ಮೇಲೆ ಗಂಟೆಗಟ್ಟಲೆ ಕೂತರೆ ಚರ್ಮ ಉರಿಯುತ್ತದೆ, ಮಕ್ಕಳಿಗಂತೂ ಗುಳ್ಳೆಯೇ ಏಳಬಹುದು. ಗುರುಗಳು ಪವಿತ್ರ ಜಲ ಪ್ರೋಕ್ಷಿಸುವ ಹನಿಗಳಿಂದ ತೊಂದರೆಯಿಲ್ಲ. ಹಣೆಗೆ ಹಿಡಿಯುವುದಿಲ್ಲ ಎನಿಸಿದರೆ ಎರಡು ತೊಟ್ಟು ಆಲಿವ್ ಎಣ್ಣೆ ಸಾಕು. ಬೂದಿ ಹಚ್ಚುವವರ ಕೈ ಒರೆಸಲು ನಿಂಬೆ ಹೋಳು, ಸಾಬೂನು, ಟವೆಲ್ ಪಕ್ಕದಲ್ಲಿರಲಿ.

ಉಪವಾಸದ ನಿಯಮವನ್ನು ಅದೇ ವಾರ ಫಲಕದಲ್ಲಿ ಹಾಕಿ. ಪ್ರತಿ ವರ್ಷ ಕೇಳುವವರಿರುತ್ತಾರೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ) 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ಉಪವಾಸ, 14 ತುಂಬಿದ ಎಲ್ಲರಿಗೂ ಮಾಂಸ ವರ್ಜ್ಯ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಒತ್ತಾಯವಿಲ್ಲ ಎಂಬುದನ್ನು ದೊಡ್ಡ ಅಕ್ಷರದಲ್ಲೇ ಬರೆಯಿರಿ. ಸಕ್ಕರೆ ಕಾಯಿಲೆಯ ಅಜ್ಜಿಯರು ಯಾರ ಮಾತೂ ಕೇಳುವುದಿಲ್ಲ. ಅಚ್ಚಾದ ಅಕ್ಷರಕ್ಕೆ ಒಮ್ಮೊಮ್ಮೆ ಬೆಲೆ ಕೊಡುತ್ತಾರೆ.

ಆ ನಲವತ್ತು ದಿನ

ಇಲ್ಲಿ ತಂಡಗಳು ಮಾಡುವ ದೊಡ್ಡ ತಪ್ಪು, ಖಾಲಿ ಸಂಜೆ ಕಂಡಲ್ಲೆಲ್ಲ ಒಂದು ಕಾರ್ಯಕ್ರಮ ತುರುಕುವುದು. ತಪಸ್ಸುಕಾಲದ ಪೂಜಾವಿಧಿಯೇ ಕಳೆಯುವ ವಿಧಿ. ಮಹಿಮಾಗೀತೆಯಿಲ್ಲ, ಅಲ್ಲೆಲೂಯ ಇಲ್ಲ, ಬಲಿಪೀಠದ ಮೇಲೆ ಹೂವಿಲ್ಲ, ವಾದ್ಯ ಹಾಡಿಗೆ ಆಸರೆಯಾಗುವಷ್ಟು ಮಾತ್ರ. ನಾಲ್ಕನೆಯ ಭಾನುವಾರ ಗುಲಾಬಿ ಬಣ್ಣದ ವಸ್ತ್ರದೊಂದಿಗೆ ತುಸು ಸಡಿಲಿಕೆ, ಮಹೋತ್ಸವದ ದಿನಗಳಲ್ಲೂ ಅಷ್ಟೇ. ಕೀಬೋರ್ಡ್ ನುಡಿಸುವವರಿಗೆ ಇದನ್ನು ಮೊದಲೇ ನಯವಾಗಿ ಹೇಳಿಬಿಡಿ. ಇಲ್ಲವಾದರೆ ಪರಮಪ್ರಸಾದದ ಹೊತ್ತಿನಲ್ಲಿ ಉದ್ದನೆಯ ವಾದ್ಯಗೋಷ್ಠಿ ಶುರುವಾಗುತ್ತದೆ.

ಬೂದಿ ಬುಧವಾರದ ಶುಭಸಂದೇಶ ಮತ್ತಾಯನ 6ನೆಯ ಅಧ್ಯಾಯದ್ದು: ದಾನ, ಪ್ರಾರ್ಥನೆ, ಉಪವಾಸ. ಈ ಮೂರಕ್ಕೆ ಒಂದೊಂದು ನಿಯತ ಕಾರ್ಯ ಇಟ್ಟುಕೊಂಡರೆ ಸಾಕು, ನಾಲ್ಕನೆಯದು ಬೇಡ.

ಪ್ರಾರ್ಥನೆಗೆ ಶುಕ್ರವಾರದ ಶಿಲುಬೆಯ ಹಾದಿ ಇದ್ದೇ ಇದೆ: ಯೇಸುವಿನ ಯಾತನೆಯ ಒಂದೊಂದು ಘಟನೆಯನ್ನು ಒಂದೊಂದು ಸ್ಥಳದಲ್ಲಿ ನಿಂತು ಧ್ಯಾನಿಸುವುದು. 14 ಸ್ಥಳಗಳೆಂಬ ಸಂಖ್ಯೆ 1731ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಅವರ ಕಾಲದಲ್ಲಿ ಸ್ಥಿರವಾಯಿತು. ಪ್ರತಿ ಶುಕ್ರವಾರವನ್ನು ಒಂದೊಂದು ಗುಂಪಿಗೆ ವಹಿಸಿ: ಯುವಜನರು, ತಾಯಂದಿರು, ಧರ್ಮೋಪದೇಶ ತರಗತಿಯ ಮಕ್ಕಳು, ಹಿರಿಯರು. ಹಿರಿಯರು ನಡೆಸುವ ವಾರ ಎಲ್ಲರೂ ಓಡಾಡದೆ ಕುಳಿತಲ್ಲಿಂದಲೇ ತಿರುಗಿ ನೋಡಲಿ, ಶಿಲುಬೆ ಹಿಡಿದವರಷ್ಟೇ ನಡೆಯಲಿ. ಮಕ್ಕಳಿಗೆ ಮುದ್ರಿತ ಧ್ಯಾನ ಓದಿಸುವ ಬದಲು ಒಬ್ಬೊಬ್ಬರಿಗೆ ಒಂದು ಸ್ಥಳ ಕೊಟ್ಟು ಮೂರೇ ವಾಕ್ಯ ಬರೆದು ತರಲು ಹೇಳಿ. ಸಿಮೋನನು ಯೇಸುವಿನ ಶಿಲುಬೆ ಹೊರುವ ಐದನೆಯ ಸ್ಥಳಕ್ಕೆ ಒಬ್ಬ ಬಾಲಕಿ, "ಸಿಮೋನನಿಗೆ ಇಷ್ಟವಿರಲಿಲ್ಲ. ಆದರೂ ಹೊತ್ತ. ನನಗೂ ತಮ್ಮನ ಬ್ಯಾಗು ಹೊರಲು ಇಷ್ಟವಿಲ್ಲ" ಎಂದು ಬರೆದಿದ್ದಳು. ಅಂದು ಯಾರೂ ಗಡಿಯಾರ ನೋಡಲಿಲ್ಲ.

ದಾನಕ್ಕೆ ಮನೆಗೊಂದು ಚಿಕ್ಕ ಡಬ್ಬಿ ಕೊಡುವುದಾದರೆ ಹಣ ಯಾವುದಕ್ಕೆ ಹೋಗುತ್ತದೆಂದು ಕೊಡುವ ದಿನವೇ ಹೇಳಬೇಕು. ಎಣಿಸುವಾಗ ಒಂದೇ ಮನೆಯವರಲ್ಲದ ಇಬ್ಬರು ಇರಲಿ, ಇಬ್ಬರೂ ಸಹಿ ಹಾಕಲಿ, ಮುಂದಿನ ಭಾನುವಾರವೇ ಮೊತ್ತ ಪ್ರಕಟವಾಗಲಿ. ಶುಭ ಶುಕ್ರವಾರದ ಕಾಣಿಕೆ ಪವಿತ್ರ ನಾಡಿನ ಕ್ರೈಸ್ತರಿಗಾಗಿ ಸಂಗ್ರಹಿಸುವಂಥದ್ದು. 1974ರಲ್ಲಿ ಪೋಪ್ 6ನೇ ಪೌಲರು ಇದನ್ನು ಕ್ರಮಬದ್ಧಗೊಳಿಸಿದರು. ಆ ಹಣವನ್ನು ಡಬ್ಬಿಯ ಹಣದೊಂದಿಗೆ ಬೆರೆಸಬೇಡಿ.

ಪಾಪನಿವೇದನೆಗೆ ಸಮಯ ಹೊಂದಿಸುವುದು ಗುರುಗಳ ಕೆಲಸವೆಂದು ಬಿಟ್ಟುಬಿಡುತ್ತೇವೆ. ಫಲವಾಗಿ ಪವಿತ್ರ ವಾರದಲ್ಲಿ ಒಬ್ಬರೇ ಗುರುಗಳು, ಬಾಗಿಲವರೆಗೆ ಸಾಲು. ನೆರೆಯ ಧರ್ಮಕೇಂದ್ರಗಳೊಂದಿಗೆ ತಾರೀಖು ಹಂಚಿಕೊಂಡರೆ ನಾಲ್ಕೈದು ಗುರುಗಳು ಒಂದೊಂದು ಸಂಜೆ ಒಂದೊಂದು ಚರ್ಚ್‌ಗೆ ಬರಬಹುದು. ಫೋನು ಮಾಡಿ ತಾರೀಖು ಕೂಡಿಸುವ ಕೆಲಸ ಮಂಡಳಿಯವರದ್ದಾಗಲಿ.

ಪವಿತ್ರ ವಾರ: ಲೆಕ್ಕ ತಪ್ಪುವ ಜಾಗಗಳು

ಗರಿಗಳ ಭಾನುವಾರ ಯೇಸುವಿನ ಯಾತನೆಯ ವೃತ್ತಾಂತವನ್ನು ಹಂಚಿಕೊಂಡು ಓದುತ್ತಾರೆ. ವರ್ಷಕ್ಕೆ ತಕ್ಕಂತೆ ಮತ್ತಾಯ, ಮಾರ್ಕ ಅಥವಾ ಲೂಕ. ಶುಭ ಶುಕ್ರವಾರ ಯಾವಾಗಲೂ ಯೊವಾನ್ನ. 2026ಕ್ಕೆ ಮತ್ತಾಯ, 2027ಕ್ಕೆ ಮಾರ್ಕ. ಓದುವವರ ಕೈಗೆ ಆ ಪಾಠ ಎರಡು ವಾರ ಮುಂಚೆಯೇ ಸಿಗಬೇಕು, ಒಂದು ಸಲವಾದರೂ ಮೈಕಿನ ಮುಂದೆಯೇ ಓದಿ ನೋಡಬೇಕು.

ಪವಿತ್ರ ಗುರುವಾರದ ಪೂಜೆಗೆ ಮುಂಚೆ ಪ್ರಸಾದದ ಪೆಟ್ಟಿಗೆ ಖಾಲಿಯಿರಬೇಕು. ಶುಕ್ರವಾರ ಬಲಿಪೂಜೆಯೇ ಇಲ್ಲ. ಗುರುವಾರ ಪವಿತ್ರೀಕರಿಸಿದ ಪರಮಪ್ರಸಾದವನ್ನೇ ಅಂದು ಹಂಚುತ್ತಾರೆ. ಅಂದರೆ ಗುರುವಾರ ಓಸ್ತಿ (ಪರಮಪ್ರಸಾದವಾಗುವ ತೆಳು ರೊಟ್ಟಿ) ಎಣಿಸುವವರು ಎರಡು ದಿನದ ಜನರನ್ನು ಎಣಿಸಬೇಕು. ಸಾಮಾನ್ಯವಾಗಿ ಶುಕ್ರವಾರವೇ ಹೆಚ್ಚು ಜನ. ಕಳೆದ ವರ್ಷ ಎಷ್ಟು ಸಾಲಿತು, ಎಷ್ಟು ಉಳಿಯಿತು ಎಂಬ ಒಂದು ಸಾಲಿನ ಟಿಪ್ಪಣಿ ಇದ್ದರೆ ಊಹೆಯ ಅಗತ್ಯವೇ ಇಲ್ಲ.

ಗುರುವಾರದ ಪಾದ ತೊಳೆಯುವ ವಿಧಿಗೆ 12 ಮಂದಿಯೇ ಇರಬೇಕೆಂದು ಪೂಜಾಗ್ರಂಥ ಹೇಳುವುದಿಲ್ಲ. 2016ರಿಂದ ಸ್ತ್ರೀಯರನ್ನೂ ಆರಿಸಬಹುದು. ವಯಸ್ಸಾದವರು, ಯುವಕರು, ಕಾಯಿಲೆಯವರು, ಎಲ್ಲ ಬಗೆಯವರೂ ಇರಲಿ ಎಂಬುದು ಆಶಯ. ಆರಿಸಿದವರಿಗೆ ಸುಲಭವಾಗಿ ಕಳಚುವ ಚಪ್ಪಲಿ ಹಾಕಿಕೊಂಡು ಬರಲು ಹೇಳಿ. ಬೂಟಿನ ಲೇಸಿನ ಜೊತೆ ಗುದ್ದಾಡುವುದನ್ನು ಇಡೀ ಸಭೆ ನೋಡುತ್ತ ಕೂರುವುದು ಬೇಡ.

ಈಸ್ಟರ್ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಗೆ ಮಾತ್ರ ಒಂದು ಪೂರ್ತಿ ಸಂಜೆಯ ತಾಲೀಮು ಬೇಕೇ ಬೇಕು. ಅದು ಕತ್ತಲಾದ ಮೇಲೆಯೇ ಆರಂಭವಾಗಬೇಕು, ಬೆಳಕು ಹರಿಯುವ ಮುಂಚೆ ಮುಗಿಯಬೇಕು. ಬೇಗ ಮುಗಿಸೋಣವೆಂದು ಸೂರ್ಯ ಮುಳುಗುವ ಮುನ್ನ ಶುರುಮಾಡುವಂತಿಲ್ಲ. ಹಳೆಯ ಒಡಂಬಡಿಕೆಯಿಂದ 7, ಹೊಸದರಿಂದ 2, ಒಟ್ಟು 9 ವಾಚನಗಳು. ಕಡಿಮೆ ಮಾಡುವುದಾದರೂ ಹಳೆಯದರಿಂದ 3 ಇರಲೇಬೇಕು. ಕೆಂಪು ಸಮುದ್ರ ದಾಟುವ ವಿಮೋಚನಾಕಾಂಡದ 14ನೆಯ ಅಧ್ಯಾಯವನ್ನು ಬಿಡುವಂತೆಯೇ ಇಲ್ಲ.

ದೀಪದ ಕಥೆ ಬೇರೆಯೇ. ಹೊರಗೆ ಹೊಸ ಬೆಂಕಿ, ಅದರಿಂದ ಪಾಸ್ಖ ಮೇಣದಬತ್ತಿ, ಕತ್ತಲ ಚರ್ಚಿನೊಳಗೆ ಮೆರವಣಿಗೆ. ಗುರುಗಳು "ಕ್ರಿಸ್ತನ ಜ್ಯೋತಿ" ಎಂದು ಮೂರು ಸಲ ಹಾಡುತ್ತಾರೆ. ಎರಡನೆಯದಾದ ಮೇಲೆ ಜನರ ಬತ್ತಿಗಳು ಹೊತ್ತುತ್ತವೆ, ಮೂರನೆಯದಾದ ಮೇಲೆ ಚರ್ಚಿನ ದೀಪಗಳು. ಒಂದು ವರ್ಷ ಸ್ವಿಚ್ ಫಲಕದ ಬಳಿ ನಿಂತವರು ಮೂರನೆಯ ಹಾಡು ಕೇಳಿ ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದರು. ಹದಿನಾಲ್ಕು ಫ್ಯಾನುಗಳು ಒಟ್ಟಿಗೆ ತಿರುಗಿದವು. ಮುಂದಿನ ಆರು ಸಾಲಿನ ಬತ್ತಿಗಳೆಲ್ಲ ಆರಿಹೋದವು. ಆ ಕೈ ನನ್ನದೇ. ಮರುವಾರ ಪ್ರತಿ ಸ್ವಿಚ್ಚಿನ ಕೆಳಗೆ ಹೆಸರು ಬರೆದು ಪಾರದರ್ಶಕ ಟೇಪು ಅಂಟಿಸಿದೆವು. ನೀವು ಮುಂಚೆಯೇ ಅಂಟಿಸಿಬಿಡಿ. ಬೆಂಕಿಯ ಬಳಿ ಒಂದು ಬಕೆಟ್ ಮರಳು, ಪ್ರತಿ ಬತ್ತಿಗೆ ಮೇಣ ತೊಟ್ಟಿಕ್ಕದಂತೆ ಕಾಗದದ ತಟ್ಟೆ, ಚಿಕ್ಕ ಮಕ್ಕಳ ಪಕ್ಕದಲ್ಲಿ ಒಬ್ಬ ದೊಡ್ಡವರು, ಇವಿಷ್ಟು ತಪ್ಪಬಾರದು.

ಆಗಮನಕಾಲವನ್ನು ನುಂಗದಿರಿ

ಡಿಸೆಂಬರ್ ಹುಟ್ಟಿದೊಡನೆ ಕ್ರಿಸ್‌ಮಸ್ ಹಾಡು ಮೊಳಗತೊಡಗುತ್ತದೆ. ಪೂಜೆಯ ಹೊರಗಿನದ್ದನ್ನು ತಡೆಯಲಾಗದು, ಪೂಜೆಯೊಳಗೆ ಮಾತ್ರ ಕಾಯುವ ಕಾಲವನ್ನು ಉಳಿಸಿಕೊಳ್ಳಬಹುದು. ನೇರಳೆ ವಸ್ತ್ರ, ಮಹಿಮಾಗೀತೆ ಇಲ್ಲ, ಆದರೆ ಅಲ್ಲೆಲೂಯ ಉಂಟು. ಹೂವು ಮಿತವಾಗಿರಲಿ. ಆಗಮನಕಾಲದ ಹಸಿರು ಚಕ್ರಕ್ಕೆ 4 ಬತ್ತಿ. ಮೂರನೆಯ ಭಾನುವಾರದ್ದು ಗುಲಾಬಿ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಲುಥೆರನ್ ಪಾದ್ರಿ ಯೋಹಾನ್ ವಿಖೆರ್ನ್ ಅವರು ಬಡಮಕ್ಕಳ ಆಶ್ರಮದಲ್ಲಿ ಕ್ರಿಸ್‌ಮಸ್‌ವರೆಗಿನ ದಿನ ಎಣಿಸಲು ಹಚ್ಚಿದ ಬತ್ತಿಗಳಿಂದ ಈ ರೂಢಿ ಬೆಳೆಯಿತು. ಪ್ರತಿ ವಾರ ಬೇರೆ ಕುಟುಂಬ ಬಂದು ಬತ್ತಿ ಹಚ್ಚಲಿ. ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಕೂರುವವರನ್ನು ಮೊದಲು ಕರೆಯಿರಿ.

ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಉತ್ಸಾಹಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಆ ರಾತ್ರಿಯನ್ನು ಕಣ್ಣಮುಂದೆ ತಂದ ದಿನದಿಂದ ಇದು ನಡೆದಿದೆ. ಎರಡು ಮಾತು ಮಾತ್ರ. ಬಾಲಯೇಸುವಿನ ಮೂರ್ತಿ ರಾತ್ರಿಯ ಪೂಜೆಯವರೆಗೆ ಅಲ್ಲಿರಬಾರದು. ಅದನ್ನು ಎಲ್ಲಿಟ್ಟಿದ್ದೇವೆಂದು ಇಬ್ಬರಿಗಾದರೂ ತಿಳಿದಿರಬೇಕು, ಕೊನೆಯ ಐದು ನಿಮಿಷ ಹುಡುಕಾಡುವ ಚರ್ಚುಗಳು ಕಡಿಮೆಯೇನಿಲ್ಲ. ಎರಡನೆಯದು, ಮಿನುಗುದೀಪದ ತಂತಿಯನ್ನು ಒಣಹುಲ್ಲಿನೊಳಗೆ ಹುದುಗಿಸಬೇಡಿ.

ಮಕ್ಕಳ ರೂಪಕಕ್ಕೆ ತಾಲೀಮು ಶುರುವಾಗುವ ಮುನ್ನ ಲೂಕನ 2ನೆಯ ಅಧ್ಯಾಯ, ಮತ್ತಾಯನ 2ನೆಯ ಅಧ್ಯಾಯ ಓದಿಸಿ, ಪಾತ್ರಗಳನ್ನು ಅವರೇ ಪಟ್ಟಿ ಮಾಡಲಿ. ಕತ್ತೆ ಎಲ್ಲಿಯೂ ಇಲ್ಲ, ಜ್ಞಾನಿಗಳು ಮೂವರೆಂದು ಬರೆದಿಲ್ಲ ಎಂದು ಗೊತ್ತಾದಾಗ ಮಕ್ಕಳ ಮುಖ ನೋಡಬೇಕು. ಆಮೇಲೆ ಕತ್ತೆಯನ್ನು ಬಿಡಬೇಕಾಗಿಲ್ಲ. ಎತ್ತು ಮತ್ತು ಕತ್ತೆ ಯೆಶಾಯನ ಮೊದಲ ಅಧ್ಯಾಯದ ಮೂರನೆಯ ವಚನದಿಂದ ಬಂದವೆಂದು ಹೇಳಿದರಾಯಿತು. ಅದೂ ಅಲ್ಲದೆ ಕತ್ತೆಯ ವೇಷಕ್ಕೆ ಯಾವಾಗಲೂ ಜಗಳವಿರುತ್ತದೆ.

ಮನೆಮನೆಗೆ ಹೋಗುವಾಗ

ಹಾಡಿನ ತಂಡ ಹೊರಡುವ ಮುಂಚೆ ಮನೆಗಳ ಪಟ್ಟಿಯನ್ನು ಹಿರಿಯರೊಬ್ಬರ ಬಳಿ ಕೂತು ಓದಿ. ಆ ವರ್ಷ ಸಾವು ಕಂಡ ಮನೆ ಯಾವುದು, ಯಾರು ಆಸ್ಪತ್ರೆಯಲ್ಲಿದ್ದಾರೆ, ಎಲ್ಲಿ ಹಸುಗೂಸಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ದುಃಖದ ಮನೆಯನ್ನು ಹಲವರು "ಅವರಿಗೇಕೆ ತೊಂದರೆ" ಎಂದು ಬಿಟ್ಟು ಮುಂದೆ ಹೋಗುತ್ತಾರೆ. ಒಳ್ಳೆಯ ಉದ್ದೇಶವೇ, ಆದರೆ ಒಳಗಿದ್ದವರಿಗೆ ಹಾಡು ಪಕ್ಕದ ಮನೆಯವರೆಗೆ ಬಂದು ತಮ್ಮ ಬಾಗಿಲು ದಾಟಿ ಹೋದದ್ದು ಕೇಳಿಸುತ್ತದೆ. ಮೊದಲೇ ಫೋನು ಮಾಡಿ, "ಬರಬಹುದೇ?" ಎಂದು ಕೇಳಿ. ಬರಲಿ ಎಂದರೆ ಡೋಲು, ಟೋಪಿ ಹೊರಗಿಟ್ಟು, ನಾಲ್ಕೈದು ಮಂದಿ ಒಳಗೆ ಹೋಗಿ ಒಂದು ಮೆಲ್ಲನೆಯ ಹಾಡು ಹಾಡಿ, ಐದು ನಿಮಿಷ ಕೂತು ಬನ್ನಿ.

ಹಾಸಿಗೆ ಹಿಡಿದವರಿಗೆ ಹಾಡಿಗಿಂತ ಪರಮಪ್ರಸಾದವೇ ಮುಖ್ಯ. ಡಿಸೆಂಬರ್ ಮಧ್ಯದೊಳಗೆ ಅವರ ಪಟ್ಟಿ ಗುರುಗಳ ಕೈ ಸೇರಲಿ. ಬಟ್ಟೆ, ದಿನಸಿ ಹಂಚುವುದಿದ್ದರೆ ಪೂಜೆಯ ನಡುವೆ ವೇದಿಕೆಗೆ ಕರೆದು ಕೊಡಬೇಡಿ, ಫೋಟೊ ಬೇಡವೇ ಬೇಡ.

ಆ ರಾತ್ರಿ

ಕ್ರಿಸ್‌ಮಸ್‌ಗೆ ನಾಲ್ಕು ಬಗೆಯ ಪೂಜಾಪಾಠಗಳಿವೆ: ಮುನ್ನಾದಿನದ ಸಂಜೆ, ರಾತ್ರಿ, ಮುಂಜಾನೆ, ಹಗಲು. ಒಂದೊಂದಕ್ಕೂ ವಾಚನ ಬೇರೆ. ವಾಚಕರಿಗೆ ಕೊಡುವ ಚೀಟಿಯಲ್ಲಿ ಯಾವ ಪೂಜೆಯದ್ದೆಂದು ಬರೆಯದಿದ್ದರೆ ಇಬ್ಬರು ಒಂದೇ ವಾಚನ ಕಲಿತು ಬರುತ್ತಾರೆ. ವರ್ಷಕ್ಕೊಮ್ಮೆ ಬರುವವರು ಅಂದು ಹೆಚ್ಚು. ಅವರಿಗೆ ಯಾವಾಗ ಎದ್ದು ನಿಲ್ಲಬೇಕೆಂಬ ಗೊಂದಲವಿರುತ್ತದೆ, ಮುಂದಿನ ಬೆಂಚುಗಳಲ್ಲಿ ರೂಢಿಯವರು ಕೂತರೆ ನೋಡಿ ಅನುಸರಿಸುತ್ತಾರೆ. ಬಾಗಿಲಲ್ಲಿ ನಿಂತವರು "ಬಹಳ ದಿನವಾಯಿತು ಕಾಣದೆ" ಎನ್ನದಿರಲಿ. "ಬನ್ನಿ, ಇಲ್ಲಿ ಜಾಗವಿದೆ" ಸಾಕು. ಹಿರಿಯರಿಗೆ ಕುರ್ಚಿ, ಗಾಲಿಕುರ್ಚಿಗೆ ದಾರಿ, ಪಕ್ಕದ ಬಾಗಿಲ ಚಿಲಕ ತೆಗೆದಿದೆಯೇ ಎಂಬುದನ್ನು ಪೂಜೆಗೆ ಒಂದು ಗಂಟೆ ಮುಂಚೆ ಒಬ್ಬರು ನಡೆದೇ ನೋಡಬೇಕು. ಪ್ರಸಂಗದ ಹೊತ್ತಿಗೆ ಧ್ವನಿಯವನ ಜೋಡಿ ಬಂದು ಅವನನ್ನು ಎಬ್ಬಿಸಿ ಬೆಂಚಿಗೆ ಕಳುಹಿಸಬೇಕು.

ಬಿಚ್ಚಿ ಕಟ್ಟಿಡುವಾಗ

ಡಿಸೆಂಬರ್ 26ಕ್ಕೆ ಗೋದಲಿ ಬಿಚ್ಚಬೇಡಿ. ಕ್ರಿಸ್‌ಮಸ್ ಕಾಲ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ ಇರುತ್ತದೆ. 2027ರಲ್ಲಿ ಅದು ಜನವರಿ 10. ಅಂದು ಪೂಜೆಯಾದ ಮೇಲೆ, ಕಟ್ಟಿದವರನ್ನಷ್ಟೇ ಅಲ್ಲದೆ ಇನ್ನೂ ನಾಲ್ವರನ್ನು ಕರೆದು ಬಿಚ್ಚಿ. ಒಂದೊಂದು ಮೂರ್ತಿಗೂ ಬಟ್ಟೆ ಸುತ್ತಿ, ಪೆಟ್ಟಿಗೆಯ ಹೊರಗೆ ಒಳಗಿರುವುದನ್ನು ಬರೆಯಿರಿ: "ಕುರುಬರು 2, ಕುರಿ 5, ಒಂದರ ಕಿವಿ ಅಂಟಿಸಬೇಕು." ತಂಡದ ನೋಟ್‌ಬುಕ್‌ನಲ್ಲಿ ಓಸ್ತಿ ಎಷ್ಟು ಬೇಕಾಯಿತು, ಯಾವ ಪೂಜೆಗೆ ಎಷ್ಟು ಸಾಲು ತುಂಬಿತು, ಯಾವ ದೀಪ ಕೈಕೊಟ್ಟಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಿ. ನೋಟ್‌ಬುಕ್ ಯಾರ ಮನೆಗೂ ಹೋಗದೆ ಪೂಜಾವಸ್ತ್ರದ ಕಪಾಟಿನಲ್ಲೇ ಇರಲಿ.

ಆ ವರ್ಷ ಬೂದಿ ಬುಧವಾರ ಫೆಬ್ರವರಿ 10, ಗೋದಲಿ ಬಿಚ್ಚಿದ ದಿನದಿಂದ ಸರಿಯಾಗಿ ಒಂದು ತಿಂಗಳು. ಆದ್ದರಿಂದ ಮರು ಭಾನುವಾರವೇ ಗರಿ ಹಾಕುವ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟುಬಿಡಿ.